ಶಿವನಂಜಪ್ಪನ ಹೆಜ್ಜೆ ಮೀಟರು

ಎದೆನೋವು ಬಂದು ಬದುಕಿ ಉಳಿದವರ ವಿಷಯದಲ್ಲಿ ನಗು ಬರುವಂಥ ಕತೆ ಹೇಳುವುದು ಸರಿಯೋ ತಪ್ಪೋ, ಖಾತ್ರಿಯಿಲ್ಲ. ವೈದ್ಯದ ಸಂಗತಿ ಬರೆಯುವಷ್ಟು ಓದೂ ಇಲ್ಲ. ತಪ್ಪಿದ್ದರೆ ತಿಳಿದವರು ಮನ್ನಿಸಬೇಕು. ಶಿವನಂಜಪ್ಪ ಆಗಲೇ ಮನ್ನಿಸಿದ್ದಾನೆ.

ಹನಗೋಡಿನ ಶಿವನಂಜಪ್ಪನ ಸಂಕಟ ಶುರುವಾದದ್ದು ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದರಿಂದ. ಎರಡು ಸಾವಿರದ ಆರನೇ ಇಸವಿ. ಎದೆಯ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮೈಸೂರಿನಿಂದ ಹೊರಟಾಗ ಆಸ್ಪತ್ರೆಯವರು ಅದನ್ನು ಸೊಂಟಕ್ಕೆ ಸಿಕ್ಕಿಸಿ ಕಳಿಸಿದ್ದರು. ಹೆಜ್ಜೆ ಇಟ್ಟಾಗಲೆಲ್ಲ ಒಳಗೇನೋ ಟಿಕ್ ಎಂದು ಅಲುಗಿ, ಗಾಜಿನ ಮೇಲೆ ಅಂಕಿ ಏರುತ್ತಿತ್ತು. ದಿನಕ್ಕೆ ನಾಲ್ಕು ಸಾವಿರ ಹೆಜ್ಜೆ ಆಗಬೇಕು. ಸಂಜೆ ಆರಕ್ಕೆ ನರ್ಸ್ ರಾಧಾ ಫೋನು ಮಾಡಿದಾಗ ಅಂಕಿ ಓದಿ ಹೇಳಬೇಕು. ಸುಳ್ಳು ಹೇಳುವಂತಿಲ್ಲ. ಏಳು ದಿನದ ಲೆಕ್ಕ ಯಂತ್ರದ ಹೊಟ್ಟೆಯಲ್ಲೇ ಇರುತ್ತದೆ. ಸೋಮವಾರ ತೋರಿಸಲು ಹೋದಾಗ ಅವಳೇ ಗುಂಡಿ ಒತ್ತಿ ನೋಡುತ್ತಾಳೆ.

ಶನಿವಾರದೊಳಗೆ ಒಂದು ದಿನವಾದರೂ ನಾಲ್ಕು ಸಾವಿರ ಮುಟ್ಟಿದರೆ ಟ್ರ್ಯಾಕ್ಟರ್ ಹತ್ತಬಹುದು ಎಂದಿದ್ದರು ಡಾಕ್ಟರು. ಹೊಗೆಸೊಪ್ಪಿನ ಹೊಲ ಉಳುವ ಕಾಲ. ಮೂರು ವಾರದಿಂದ ಟ್ರ್ಯಾಕ್ಟರನ್ನು ಪಕ್ಕದ ಮನೆ ಮಂಟಯ್ಯ ಓಡಿಸುತ್ತಿದ್ದ. ಅವನು ಗೇರು ಬದಲಿಸಿದಾಗಲೆಲ್ಲ ಅದು ಅರಚುವುದು ಕೇಳಿ ಶಿವನಂಜಪ್ಪನಿಗೆ ಸ್ಟೆಂಟ್ ಹಾಕಿದ ಜಾಗದಲ್ಲೇ ಚುಚ್ಚಿದಂತಾಗುತ್ತಿತ್ತು.

ನಡೆಯಲು ಕಾಲಿತ್ತು, ರಸ್ತೆಯೂ ಇತ್ತು. ಆದರೆ ಹೆಗಲ ಮೇಲೆ ಗುದ್ದಲಿಯಿಲ್ಲದೆ, ಕೈಯಲ್ಲಿ ಚೀಲವಿಲ್ಲದೆ ಊರೊಳಗೆ ನಡೆಯುವ ಗಂಡಸನ್ನು ಸುಮ್ಮನೆ ಬಿಡುವವರು ಯಾರು? ಎಲ್ಲಿಗೆ ಎಂದು ಕೇಳುವರು. ಎಲ್ಲಿಗೂ ಇಲ್ಲ ಎಂದರೆ, ಹಾಗಾದರೆ ಕೂತ್ಕೊಳ್ಳಿ ಎಂದು ಜಗಲಿ ಒರೆಸುವರು. ಕಾಫಿ ಬರುವುದು. ಎದೆ ಕುಯ್ದರಾ, ತೊಡೆಯಿಂದ ತೂರಿಸಿದರಾ ಎಂಬ ವಿಚಾರಣೆ ನಡೆಯುವುದು. ಮೂರು ಮನೆ ದಾಟುವಷ್ಟರಲ್ಲಿ ಊಟದ ಹೊತ್ತು. ಐದು ದಿನದಲ್ಲಿ ಯಾವ ದಿನವೂ ಸಾವಿರದ ಇನ್ನೂರು ದಾಟಿರಲಿಲ್ಲ.

ಶನಿವಾರ ಬೆಳಿಗ್ಗೆ ಮಂಟಯ್ಯನೇ ಉಪಾಯ ಹೇಳಿದ.

"ನೀ ಯಾಕಣ್ಣ ಒದ್ದಾಡೀಯ? ನಮ್ ಕಡಸು ಬೀಳಲ್ಲಿ ಸಂಜೆಗಂಟ ಮೇಯ್ತದೆ. ಅದ್ರ ಕೊಳ್ಗೆ ಕಟ್ಬುಡು."

"ಅದಕ್ಕೆ ನಾಕು ಕಾಲು ಕಣ್ಲಾ."

"ಅದ್ಕೇ ಬೇಗ ಆಯ್ತದೆ."

ಒಂಬತ್ತಕ್ಕೆ ಕಡಸು ಕೊರಳಹಗ್ಗದಲ್ಲಿ ಯಂತ್ರ ತೂಗಿಸಿಕೊಂಡು ಸಾಹುಕಾರನಂತೆ ಹೊರಟಿತು. ಹತ್ತೂವರೆಗೆ ಮಂಟಯ್ಯ ಓಡಿ ಬಂದ. ಬೀಡಿ ಹಚ್ಚಿ ತಿರುಗುವಷ್ಟರಲ್ಲಿ ಕಡಸು ಇಲ್ಲ.

ಶಿವನಂಜಪ್ಪ ಎದ್ದ. ಯಂತ್ರ ಆಸ್ಪತ್ರೆಯದು. ಅದು ಕಳೆದರೆ ಡಾಕ್ಟರ ಮುಂದೆ ಕಡಸಿನ ಕತೆ ಬಿಚ್ಚಬೇಕು. ಆಮೇಲೆ ಟ್ರ್ಯಾಕ್ಟರಿನ ಮಾತು ಎತ್ತುವಂತಿಲ್ಲ. ಎದುರುಮನೆ ಚಿಕ್ಕಬೀರಮ್ಮ ಹೊಳೆ ಕಡೆ ಕೈ ತೋರಿಸಿದಳು. ಹೊಳೆಯ ದಡದುದ್ದಕ್ಕೂ ನಡೆದ. ಅಲ್ಲಿ ಬಟ್ಟೆ ಒಗೆಯುತ್ತಿದ್ದವರು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಕಡೆ ಅಟ್ಟಿದರು. ಬ್ಯಾರನ್ನಿನವರು, ಹುಣಸೂರು ರಸ್ತೆಯಲ್ಲಿ ಕಡಸೊಂದು ಬಸ್ಸಿಗೆ ಕಾದವರ ಹಾಗೆ ನಿಂತಿತ್ತು ಎಂದರು. ಹೋಗಿ ನೋಡಿದರೆ ಅದು ಬೇರೆಯವರ ಎತ್ತು. ದಾರಿಯುದ್ದಕ್ಕೂ ಜಗಲಿಗಳಿಂದ ಕಾಫಿಗೆ ಕರೆಯುತ್ತಲೇ ಇದ್ದರು. ಕಡಸು ತಪ್ಪಿಸಿಕೊಂಡಿದೆ ಎಂದರೆ ಸಾಕು, ಹಂಗಾರೆ ಹೋಗಿ ಹೋಗಿ ಎಂದು ಬಿಟ್ಟುಕೊಟ್ಟರು. ಐದು ದಿನ ಅವನಿಗೆ ಈ ಒಂದು ನೆಪ ಹೊಳೆದಿರಲಿಲ್ಲ.

ಐದೂವರೆಗೆ ಬೆವರಲ್ಲಿ ತೊಯ್ದು, ಕಾಲೆಳೆದುಕೊಂಡು ಮನೆಗೆ ಬಂದ. ಎದೆಯೇನೂ ನೋಯುತ್ತಿರಲಿಲ್ಲ, ಅದನ್ನು ಗಮನಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಹೆಂಡತಿ ಶಿವರುದ್ರಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು.

"ಮಂಟಯ್ಯನ ಕಡಸಾ? ಕಲಗಚ್ಚು ಕುಡಿಯಕ್ಕೆ ಬಂದಿತ್ತು. ಹತ್ತು ಗಂಟೆಗೇ ಇತ್ಲಲ್ಲಿ ಕಟ್ಟಿವ್ನಿ."

"ಯೋಳದಲ್ವಾ?"

"ಕೇಳಿದ್ರಾ?"

ಹಿತ್ತಲಲ್ಲಿ ಕಡಸು ಮಲಗಿ ಮೆಲುಕು ಹಾಕುತ್ತಿತ್ತು. ಯಂತ್ರ ಕೊರಳಲ್ಲೇ ಇತ್ತು. ದಿನವಿಡೀ ಗೂಟದಲ್ಲಿದ್ದ ದನ, ಇನ್ನೂರೋ ಮುನ್ನೂರೋ ಆಗಿದ್ದೀತು ಎಂದುಕೊಂಡು ಬಗ್ಗಿದ. ಅಷ್ಟರಲ್ಲಿ ಒಂದು ನೊಣ ಬಂದು ಕೂತಿತು. ಕಡಸು ಕತ್ತು ಕೊಡವಿತು. ಟಿಕ್ ಟಿಕ್ ಟಿಕ್ ಟಿಕ್. ಹಿತ್ತಲ ತುಂಬ ನೊಣ. ಗಾಜಿನ ಮೇಲೆ ಇಪ್ಪತ್ತೆರಡು ಸಾವಿರದ ಆರುನೂರ ಎಂಟು.

ಒಳಗೆ ಫೋನು ಹೊಡೆದುಕೊಂಡಿತು. ಶಿವನಂಜಪ್ಪ ಅಂಕಿ ಓದಿದ. ರಾಧಾ ಇನ್ನೊಂದು ಸಲ ಓದಿಸಿದಳು. ಆಮೇಲೆ ಡಾಕ್ಟರೇ ಫೋನಿಗೆ ಬಂದರು.

"ಹದಿನೈದು ಕಿಲೋಮೀಟರ್ ಆಯ್ತಲ್ರೀ. ನಡೀರಿ ಅಂದ್ರೆ ಪ್ರಾಣ ಕಳ್ಕೊಳಕ್ಕೆ ಹೊರಟ್ರಾ? ಸೋಮವಾರ ಕಾರಲ್ಲಿ ಮಲಗಿಕೊಂಡೇ ಬನ್ನಿ. ಆಮೇಲೆ ಹದಿನೈದು ದಿನ ಮಂಚ ಇಳೀಬೇಡಿ. ಟ್ರ್ಯಾಕ್ಟರ್ ಮಾತು ಮರೆತುಬಿಡಿ."

ನಡೆದದ್ದು ನಾನಲ್ಲ ಸಾರ್ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಯೋಚಿಸಿದರೆ ಅದೂ ಸುಳ್ಳು. ಆಗಲಿ ಸಾರ್ ಎಂದು ಫೋನಿಟ್ಟ. ಹೊರಗೆ ಮಂಟಯ್ಯ ಹೊಲದಿಂದ ಟ್ರ್ಯಾಕ್ಟರ್ ತರುತ್ತಿದ್ದ. ತಿರುವಿನಲ್ಲಿ ಗೇರು ಅರಚಿತು.

ಆ ದಿನ ಶಿವನಂಜಪ್ಪ ತನ್ನ ಸ್ವಂತ ಕಾಲಲ್ಲಿ ನಡೆದದ್ದು ಎಷ್ಟು ಹೆಜ್ಜೆ, ನಾಲ್ಕು ಸಾವಿರ ದಾಟಿತ್ತೋ ಇಲ್ಲವೋ, ಯಾರಿಗೂ ತಿಳಿಯದು.