ನಾಯಿ ಸಾಲಿಯ ಅಡ್ಮಿಷನ್

ನಾಯಿಗಳಿಂದ ನನಗೆ ಇವತ್ತಿನವರೆಗೆ ಒಂದು ದಿನವೂ ತಲೆನೋವು ಬಂದಿಲ್ಲ. ಹಗ್ಗದ ಇನ್ನೊಂದು ತುದಿ ಹಿಡಿದು ಬರುತ್ತಾರಲ್ಲ, ಅವರಿಂದ ಮಾತ್ರ ವಾರಕ್ಕೊಂದಾದರೂ ಫಜೀತಿ ತಪ್ಪುವುದಿಲ್ಲ.

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಹಿಂದೆ ಲಾರಿ ಬಾಡಿ ಕಟ್ಟುತ್ತಿದ್ದ ತಗಡಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು, ನಾನೂ ನನ್ನ ತಂಗಿಯೂ ನಾಯಿಗಳನ್ನು ಹಗಲು ಹೊತ್ತು ನೋಡಿಕೊಳ್ಳುವ ಕೆಲಸ ಶುರು ಮಾಡಿದೆವು. ಮನೆಯವರು ಕೆಲಸಕ್ಕೆ ಹೋಗುವಾಗ ಬಿಟ್ಟು ಹೋಗುತ್ತಾರೆ, ಸಂಜೆ ಬಂದು ಕರೆದುಕೊಂಡು ಹೋಗುತ್ತಾರೆ. ಭಾನುವಾರ, ನಮ್ಮ ಕಡೆಯ ಮಾತಿನಲ್ಲಿ ಐತವಾರ, ರಜೆ. ಬೋರ್ಡಿನ ಮೇಲೆ ‘ಶ್ವಾನ ಪಾಲನಾ ಕೇಂದ್ರ’ ಎಂದು ಚಂದವಾಗಿ ಬರೆಸಿದ್ದೆವು. ಅದನ್ನು ಯಾರೂ ಓದಲಿಲ್ಲ. ಊರಿನವರು ‘ನಾಯಿ ಸಾಲಿ’, ಅಂದರೆ ನಾಯಿಗಳ ಶಾಲೆ, ಎಂದು ತಾವೇ ಹೆಸರಿಟ್ಟರು. ನಮ್ಮ ಅರ್ಧ ಫಜೀತಿ ಆ ಹೆಸರಿನದೇ.

ಎಲ್ಲ ನಾಯಿಗೂ ಇಂಥ ಜಾಗ ಹಿಡಿಸುವುದಿಲ್ಲ. ಕೆಲವಕ್ಕೆ ಜೊತೆ ಬೇಕು, ಕೆಲವಕ್ಕೆ ನಿದ್ದೆ ಬೇಕು, ಕೆಲವು ನಾಲ್ಕು ನಾಯಿ ಒಟ್ಟಿಗೆ ಕಂಡರೆ ನಡುಗುತ್ತವೆ. ಅದಕ್ಕೇ ಮೊದಲ ದಿನ ಇಟ್ಟುಕೊಂಡು ನೋಡಿ, ಸಂಜೆ ‘ಹಿಡಿಸುತ್ತದೆ’ ಅಥವಾ ‘ಹಿಡಿಸುವುದಿಲ್ಲ’ ಎಂದು ಹೇಳಿಬಿಡುತ್ತೇನೆ. ಹೇಳುವುದು ಸುಲಭವಲ್ಲ. ಇಲ್ಲಿಗೆ ಬರುವ ಬಹಳ ನಾಯಿಗಳ ಹಿಂದೆ ಮನೆಯಲ್ಲೊಂದು ಜಗಳ ನಡೆದಿರುತ್ತದೆ. ನಾನು ಬೇಡವೆಂದರೆ ಕೆಲವರು ಅದನ್ನು ಯಾರದೋ ಹೊಲಕ್ಕೆ ಅಟ್ಟಿಬಿಡುತ್ತಾರೆ.

ಮನೆತನದ ಮರ್ಯಾದೆ

ಬಟ್ಟೆ ಅಂಗಡಿಯ ಸಾಹುಕಾರರೊಬ್ಬರು ದಪ್ಪನೆಯ ಲ್ಯಾಬ್ರಡಾರ್ ನಾಯಿಯನ್ನು ಕರೆತಂದರು. ಅದರ ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಮಾಲೆ. ಜೊತೆಗೆ ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ. ರಾಹುಕಾಲ ಮುಗಿಯಲಿ ಎಂದು ಎಲ್ಲರೂ ಗೇಟಿನ ಹೊರಗೆ ಕಾರಿನಲ್ಲೇ ಕುಳಿತು, ಆಮೇಲೆ ಬಲಗಾಲಿಟ್ಟು ಒಳಗೆ ಬಂದರು. ನಾಯಿಗೂ ಬಲಗಾಲು ಇಡಿಸಿದರು.

ನಾಯಿ ಒಳಗೆ ಬಂದದ್ದೇ ತನ್ನ ಮಾಲೆಯನ್ನು ತಾನೇ ತಿಂದು, ನೀರಿನ ಡ್ರಮ್ಮಿನ ನೆರಳಿಗೆ ಮಲಗಿತು. ಉಳಿದವು ಆಟಕ್ಕೆ ಕರೆಯಲು ಬಂದರೆ, ಊಟದ ಹೊತ್ತಿಗೆ ಫೈಲು ತಂದವರನ್ನು ಗುಮಾಸ್ತ ನೋಡುವಂತೆ ನೋಡಿ ಮತ್ತೆ ಕಣ್ಣು ಮುಚ್ಚಿತು. ಸಂಜೆಯವರೆಗೂ ಅಷ್ಟೇ.

“ಸಾವಕಾರ್ರ, ಇದಕ್ಕ ಇಲ್ಲಿ ಹಿಡಸೂದಿಲ್ರಿ. ಮನ್ಯಾಗ ಆರಾಮ ಮಲಗಲಿ,” ಎಂದೆ.

ಅವರ ಮುಖ ಸಣ್ಣದಾಯಿತು. “ಅಂದ್ರ ನಪಾಸ್ ಆತೇನ್ರಿ?”

“ಪಾಸು ನಪಾಸು ಏನಿಲ್ರಿ. ಇದರ ಸ್ವಭಾವಾನ ಹಂಗ.”

“ಟ್ಯೂಷನ್ ಹಚ್ಚಿ ನೋಡೂಣೇನ್ರಿ?”

“ನಿದ್ದಿಗೆ ಎಲ್ಲಿ ಟ್ಯೂಷನ್ರಿ? ಅದರಾಗ ಮೊದಲೇ ಪಾಸ್ ಆಗೇತಿ.”

ಸಾಹುಕಾರರು ಸುಮ್ಮನಾಗಲಿಲ್ಲ. “ಹಂಗ ಅನಬ್ಯಾಡ್ರಿ ಅಕ್ಕಾರ. ನಮ್ಮ ಮನಿತನದಾಗ ಇಲ್ಲೀಮಟ ಯಾರೂ ನಪಾಸ್ ಆಗಿಲ್ಲ.”

ಹಿಂದೆ ನಿಂತಿದ್ದ ಅವರ ತಾಯಿ ನಾಯಿಯ ತಲೆ ಸವರುತ್ತ ಮಗನನ್ನು ಕೇಳಿದರು: “ಯಾಕಪಾ, ಮ್ಯಾಟ್ರಿಕ್ಕಿನ್ಯಾಗ ನೀ ಆಗಿದ್ದೆಲ್ಲ?”

ಮಮದಾಪುರದ ನೌಕರ

ಮಮದಾಪುರದಿಂದ ಬಂದು ನಗರದಲ್ಲಿ ಬಾಡಿಗೆ ಮನೆ ಮಾಡಿದ್ದ ಪೋಸ್ಟ್‌ಮನ್ ಒಬ್ಬರು ಕುರಿ ಕಾಯುವ ನಾಯಿಯನ್ನು ತಂದರು. ಊರಲ್ಲಿ ಕುರಿ ಮಾರಿದ್ದರು, ನಾಯಿಯನ್ನು ಮಾರಲು ಮನಸ್ಸು ಬಂದಿರಲಿಲ್ಲ. ನಗರದ ಮನೆಯಲ್ಲಿ ಅದು ಓಣಿಯ ಮಕ್ಕಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಕಟ್ಟೆಗೆ ತಂದು ನಿಲ್ಲಿಸುತ್ತಿತ್ತಂತೆ.

ನಮ್ಮಲ್ಲಿ ಅದು ಬೊಗಳಲಿಲ್ಲ, ಕಚ್ಚಲಿಲ್ಲ. ಒಂದು ಸುತ್ತು ಹೊಡೆದು ಎಲ್ಲ ನಾಯಿಗಳನ್ನೂ ಲೆಕ್ಕ ಹಾಕಿದಂತೆ ನೋಡಿತು. ಊಟದ ಹೊತ್ತಿಗೆ ನಾನು ಹೊರಗೆ ಬಂದರೆ ಅಂಗಳ ಖಾಲಿ. ಅಷ್ಟೂ ನಾಯಿಗಳು ಬೇವಿನ ಗಿಡದ ಬುಡದಲ್ಲಿ ಒತ್ತಾಗಿ ನಿಂತಿದ್ದವು. ನಡುವೆ ನನ್ನ ತಂಗಿ, ಕೈಯಲ್ಲಿ ಅನ್ನದ ಪಾತ್ರೆ ಹಿಡಿದುಕೊಂಡು.

“ಅಕ್ಕಾ, ಬಿಡವಲ್ದಬೇ ಇದು! ಒಂದ ಹೆಜ್ಜಿ ಇಟ್ರ ಹಿಮ್ಮಡಕ್ಕ ಬರತೈತಿ!” ಎಂದು ಅವಳು ಅಲ್ಲಿಂದಲೇ ಕೂಗಿದಳು. ಅವಳನ್ನು ಬಿಡಿಸಲು ಹೋದ ನನ್ನನ್ನೂ ಅದು ಗಿಡದ ಬುಡಕ್ಕೆ ಸೇರಿಸಿತು.

ಪೋಸ್ಟ್‌ಮನ್ ಸಂಜೆ ಬಂದು ಶಿಳ್ಳೆ ಹೊಡೆದ ಮೇಲೆಯೇ ನಮಗೆಲ್ಲ ಬಿಡುಗಡೆಯಾದದ್ದು. ನಾನು ಸಿಟ್ಟಿನಿಂದಲೇ, “ಇದಕ್ಕ ನಮ್ಮಲ್ಲಿ ಹಿಡಸೂದಿಲ್ರಿ,” ಎಂದೆ.

ಅವರು ನಾಯಿಯ ಮುಖ ನೋಡಿದರು. ಅದು ನಾಲಗೆ ಚಾಚಿ, ಕಿವಿ ನಿಮಿರಿಸಿ, ಬಹಳ ಖುಷಿಯಲ್ಲಿತ್ತು.

“ಹಿಡಸದಿದ್ದದ್ದು ನಿಮಗ್ರಿ ಅಕ್ಕಾರ. ಅದಕ್ಕ ಕಾಯಂ ನೌಕರಿ ಸಿಕ್ಕಂಗಾಗೇತಿ.”

ಶಾಣ್ಯಾ ಆದ ನಾಯಿ

ಬಬಲೇಶ್ವರದ ಗೊಬ್ಬರದ ವ್ಯಾಪಾರಿಯೊಬ್ಬರ ನಾಯಿಗೆ ಮಾತ್ರ ನಮ್ಮ ಜಾಗ ಹೇಳಿ ಮಾಡಿಸಿದಂತಿತ್ತು. ಮೊದಲು ಅದು ಬೀಗರು ನೆಂಟರು ಎನ್ನದೆ ಎಲ್ಲರ ಮೇಲೂ ಹಲ್ಲು ತೋರಿಸುತ್ತಿತ್ತು. ಅವರು ದಿನಾ ಅಂಗಡಿಗೆ ನಗರಕ್ಕೆ ಬರುವಾಗ ಅದನ್ನೂ ಕರೆತಂದು ಬಿಡುತ್ತಿದ್ದರು. ಕೆಲವೇ ದಿನದಲ್ಲಿ ಅದು ಬಾಗಿಲಿಗೆ ಬಂದವರ ಕೈ ನೆಕ್ಕುವಂತಾಯಿತು. ನನಗೂ ತಂಗಿಗೂ ಹೆಮ್ಮೆಯೋ ಹೆಮ್ಮೆ.

ಒಂದು ಬೆಳಿಗ್ಗೆ ವ್ಯಾಪಾರಿ ನಾಯಿಯಿಲ್ಲದೆ ಬಂದು ಬೆಂಚಿನ ಮೇಲೆ ಕುಸಿದು ಕುಳಿತರು.

“ನಾಯಿ ಭಾಳ ಶಾಣ್ಯಾ ಆಗೇತ್ರಿ ಅಕ್ಕಾರ.”

“ಚಲೋ ಆತಲ್ರಿ.”

“ಏನ್ ಚಲೋ ಆತು? ನಮ್ಮ ಹೆಂಡತಿ ಅಣ್ಣ ಇಷ್ಟ ದಿನಾ ಗೇಟಿನ್ಯಾಗ ನಿಂತು ಮಾತಾಡಿ ಹೋಗ್ತಿದ್ದ. ಮೊನ್ನೆ ಈ ನಾಯಿ ಬಾಲ ಅಳ್ಳಾಡಿಸಿ ಅವನನ್ನ ಒಳಗ ಕರಕೊಂಡ ಬಂತು. ಇನ್ನೂ ಹೋಗಿಲ್ಲ. ನನ್ನ ಮಂಚದ ಮ್ಯಾಲ ಮಲಗ್ಯಾನ.”

“ಅದಕ್ಕ ನಾ ಏನ್ ಮಾಡ್ಲಿ ಹೇಳ್ರಿ?”

ಅವರು ಸುತ್ತ ನೋಡಿ ದನಿ ಇಳಿಸಿದರು. “ಕಲಿಸಿದ್ದನ್ನ ಮರಸೂ ಸಾಲಿ ಎಲ್ಲೆರೆ ಐತೇನ್ರಿ?”

ಮಾಸ್ತರರ ಬಿಳಿ ನಾಯಿ

ಟಿಕೋಟಾ ಕಡೆ ಹೆಡ್‌ಮಾಸ್ತರರಾಗಿ ನಿವೃತ್ತರಾದವರೊಬ್ಬರು ನಮ್ಮ ಶೆಡ್ಡಿನ ಹಿಂದಿನ ಓಣಿಯಲ್ಲಿದ್ದಾರೆ. ಅವರ ಹೆಂಡತಿ ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಓಣಿಗೆಲ್ಲ ಅವರು ರೊಟ್ಟಿ ಅಕ್ಕ. ಮಾಸ್ತರರು ಬೀದಿಯಿಂದ ಎತ್ತಿ ತಂದು ಸಾಕಿದ ಒಂದು ಬಿಳಿ ನಾಯಿ ಇತ್ತು. ಅದು ಬೆಳಗಿನಿಂದ ಸಂಜೆಯವರೆಗೆ ಬೊಗಳುತ್ತಿತ್ತು. ರೊಟ್ಟಿಗೆ ಬಂದವರು ಮೆಟ್ಟಿಲು ಹತ್ತದೆ ವಾಪಸ್ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಮೂವರೂ ನಮ್ಮ ಗೇಟಿಗೆ ಬಂದರು. ರೊಟ್ಟಿ ಅಕ್ಕ ಸುತ್ತು ಬಳಸದೆ ಹೇಳಿದರು: “ನೋಡಬೇ ಯವ್ವಾ, ಇದು ನಿನ್ನಲ್ಲಿ ಹೊಂದಿದ್ರ ಸೈ. ಇಲ್ಲಾಂದ್ರ ಇಟ್ಟಂಗಿಹಾಳದಾಗ ನಮ್ಮ ಮೈದುನನ ಹೊಲಕ್ಕ ಹೋಗೂದ. ನನ್ನ ತಲಿ ಚಿಟ್ಟ ಹಿಡದೇತಿ.”

ಮಾಸ್ತರರು ಹಗ್ಗದ ಗಂಟು ಬಿಚ್ಚುವುದು, ಮತ್ತೆ ಕಟ್ಟುವುದು ಮಾಡುತ್ತ ನಿಂತಿದ್ದರು. ಇಡೀ ಸಾಲಿಯನ್ನು ಆಳಿದ ಮನುಷ್ಯನಿಗೆ ಈಗ ಮಾತು ಕೇಳುವ ಜೀವ ಅಂತ ಉಳಿದಿದ್ದು ಅದೊಂದೇ.

ಸಂಜೆ ಬನ್ನಿ ಎಂದು ಅವರನ್ನು ಕಳಿಸಿದೆ. ಹೋದರು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ತಗಡಿನ ಆಚೆಯಿಂದ ದನಿ ಬಂತು: “ಸರೀಗೆ ಕುಂಡ್ರು! ಆ ಕರೀ ನಾಯಿ ಕೂಡ ಮಾತಾಡಬ್ಯಾಡ!” ಬಿಳಿ ನಾಯಿ ಎದ್ದು ನಿಂತು ಬೊಗಳಿತು. ಮಾಸ್ತರರನ್ನು ರಸ್ತೆಯಾಚೆಯ ಚಹಾದಂಗಡಿಗೆ ಅಟ್ಟಿದೆ. ಅವರದು ಸಾಲಿಯ ಮೈದಾನಕ್ಕೆ ಪಳಗಿದ ದನಿ, ಅಲ್ಲಿಂದಲೂ ಲಾರಿಗಳನ್ನು ದಾಟಿಕೊಂಡು ಬಂತು. “ನೀರ ಕುಡದೇನು?” ಬೌ. “ಯಾರ ಬಂದ್ರು, ನೋಡು!” ಬೌ ಬೌ.

ಕೊನೆಗೆ ತರಕಾರಿ ಬೇಕು ಎಂದು ಸುಳ್ಳು ಹೇಳಿ ಅವರನ್ನು ಬಜಾರಿಗೆ ಕಳಿಸಿದೆ. ಬೊಗಳುವುದು ನಿಂತಿತು. ಆದರೆ ನಾಯಿ ನನ್ನ ಖುರ್ಚಿಯ ಕೆಳಗೆ ತೂರಿಕೊಂಡು ನಡುಗತೊಡಗಿತು. ಬೇರೆ ನಾಯಿ ಹತ್ತಿರ ಬಂದರೆ ಇನ್ನಷ್ಟು ಮುದುಡಿತು. ಹಾಲಿಟ್ಟರೆ ಮೂಸಲೂ ಇಲ್ಲ. ಇದಕ್ಕೆ ಇಲ್ಲಿ ಹಿಡಿಸುವುದಿಲ್ಲ ಎಂಬುದು ಖಚಿತವಾಯಿತು.

ಮಾಸ್ತರರು ಬದನೆಕಾಯಿ ಹಿಡಿದು ಬಂದಾಗ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಉಳಿದ ನಾಯಿಗಳು ಓಡಿ ಹೋಗಿ ಅವರನ್ನು ಮುತ್ತಿಕೊಂಡವು. ಅವರನ್ನು ತಂಗಿಯ ಹತ್ತಿರ ಬಿಟ್ಟು, ಬಿಳಿ ನಾಯಿಯನ್ನು ಕರೆದುಕೊಂಡು ನಾನೇ ಅವರ ಮನೆಗೆ ಹೋದೆ. ಇನ್ನಷ್ಟು ದಿನ ತಡೆದುಕೊಳ್ಳಿ ಎಂದು ರೊಟ್ಟಿ ಅಕ್ಕನ ಕೈಕಾಲು ಹಿಡಿಯುವುದು ನನ್ನ ವಿಚಾರ.

ನಾಯಿ ಮೆಟ್ಟಿಲು ಹತ್ತಿ, ಬಾಗಿಲಲ್ಲಿ ಒಂದು ಸುತ್ತು ತಿರುಗಿ ಮಲಗಿತು. ಒಳಗೆ ರೊಟ್ಟಿ ಬಡಿಯುವ ಪಟ ಪಟ ಸದ್ದು. ನಾನು ಮಾತು ತೆಗೆಯುವಷ್ಟರಲ್ಲಿ ಗಿರಾಕಿಯೊಬ್ಬರು ಬಂದರು. ಮುಗಿಯಿತು ಎಂದು ಕಣ್ಣು ಮುಚ್ಚಿದೆ. ಸದ್ದೇ ಇಲ್ಲ. ಗಿರಾಕಿ ನಾಯಿಯನ್ನು ದಾಟಿ ಬಂದು, ರೊಟ್ಟಿ ತೆಗೆದುಕೊಂಡು, ಮತ್ತೆ ದಾಟಿ ಹೋದರು. ಇನ್ನೊಬ್ಬರು ಬಂದರು. ನಾಯಿ ಒಂದು ಕಣ್ಣು ತೆರೆದು ಮುಚ್ಚಿತು.

ರೊಟ್ಟಿ ಅಕ್ಕನ ಕೈ ನಿಂತಿತು. “ಇದಕ್ಕೇನಾತಬೇ? ಆರಾಮಿಲ್ಲೇನು?”

“ಆರಾಮ ಐತ್ರಿ ಅಕ್ಕಾರ.”

ಅವರು ನಾಯಿಯನ್ನು ನೋಡಿದರು. ಆಮೇಲೆ ಬಾಗಿಲ ಪಕ್ಕದ ಮಾಸ್ತರರ ಖಾಲಿ ಖುರ್ಚಿಯನ್ನು ನೋಡಿದರು. ನಾನೂ ನೋಡಿದೆ. ದಿನವಿಡೀ ಆ ಖುರ್ಚಿಯಿಂದ “ಯಾರದು? ಯಾರ ಬಂದ್ರು ನೋಡು!” ಎಂದು ಪ್ರಶ್ನೆ ಕೇಳುವವರು ಇವತ್ತು ಅಲ್ಲಿ ಇರಲಿಲ್ಲ. ಪಾಪ, ನಾಯಿ ಇಷ್ಟು ದಿನ ಉತ್ತರ ಕೊಡುತ್ತಿತ್ತು ಅಷ್ಟೇ. ನಾವಿಬ್ಬರೂ ನಕ್ಕ ನಗೆಗೆ ಹಂಚಿನ ಮೇಲಿನ ರೊಟ್ಟಿ ಹೊತ್ತಿಹೋಯಿತು.

ಅಷ್ಟರಲ್ಲಿ ತಂಗಿಯ ಫೋನು. “ಅಕ್ಕಾ, ಮಾಸ್ತರು ನಾಯಿಗೋಳನ್ನೆಲ್ಲ ಸಾಲಾಗಿ ಕುಂಡ್ರಿಸ್ಯಾರ. ಒಂದೂ ಮಿಸುಕವಲ್ದು. ಊಟಕ್ಕ ಮನಿಗೆ ಹೋಗ್ರಿ ಅಂದ್ರ ಒಲ್ಲೆ ಅನ್ನಾಕತ್ತಾರ.”

ರೊಟ್ಟಿ ಅಕ್ಕ ಎದ್ದರು. ಡಬ್ಬಿಗೆ ರೊಟ್ಟಿ, ಝುಣಕ, ಶೇಂಗಾ ಚಟ್ನಿ ತುಂಬಿ ನನ್ನ ಕೈಗಿಟ್ಟರು. “ನಾಯಿ ಯಾವ ಹೊಲಕ್ಕೂ ಹೋಗೂದಿಲ್ಲ, ಇಲ್ಲೇ ಇರತೈತಿ. ಇವರನ್ನ ಸಂಜಿಮಟ ನೀನ ಇಟ್ಕೋ.”

ಸಂಜೆ ಅವರೇ ಕರೆದೊಯ್ಯಲು ಬಂದರು. ಒಳಗೆ ಮಾಸ್ತರರ ಪಾದದ ಮೇಲೆ ಮರಿಯೊಂದು ನಿದ್ದೆ ಹೋಗಿತ್ತು. ಅದು ಏಳಬಾರದೆಂದು ಮಾಸ್ತರರು ನನ್ನ ತಂಗಿಯ ಜೊತೆ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಮುಖದ ತುಂಬ ನಗೆ.

“ಹೊಂದ್ಕೊಂಡಾರೇನು?” ಎಂದು ರೊಟ್ಟಿ ಅಕ್ಕ ಗೇಟಿನಲ್ಲೇ ನಿಂತು ಕೇಳಿದರು.

“ಭಾಳ ಚಲೋ ಹೊಂದ್ಕೊಂಡಾರ್ರಿ.”

ಅವರು ಬಹಳ ಹೊತ್ತು ಗಂಡನನ್ನೇ ನೋಡಿದರು. ಕಣ್ಣು ತುಂಬಿ ಬಂದವು, ಸೆರಗಿನಿಂದ ಒರೆಸಿಕೊಂಡರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು:

“ಐತವಾರಾನೂ ಇಟ್ಕೋತೀ ಏನಬೇ?”