ದೊಡ್ಡಪ್ಪನ ಡ್ರಿಲ್ಲು, ನನ್ನ ರಿಪೇರಿ

ಯಾವ ಕೆಲಸವನ್ನೇ ಆಗಲಿ ಬರೆದಿಟ್ಟುಕೊಂಡು ಮಾಡಿದರೆ ತಪ್ಪುವುದಿಲ್ಲ ಎಂದು ನಂಬಿದವನು ನಾನು. ಯಾವ ತಾರೀಖು ಎಷ್ಟು ಮಳೆ ಬಿತ್ತು, ಯಾವ ಸಾಲಿಗೆ ಗೊಬ್ಬರ ಹಾಕಿದೆವು, ಕೋಳಿ ಎಷ್ಟು ಮೊಟ್ಟೆ ಇಟ್ಟಿತು, ಎಲ್ಲವೂ ನನ್ನ ಡೈರಿಯಲ್ಲಿದೆ. “ಇಟ್ಟ ಕೋಳೀಗೇ ಇಷ್ಟು ಲೆಕ್ಕ ಇಲ್ಲ ಕಣೋ” ಎಂದು ಅವ್ವ ಹಂಗಿಸುತ್ತಾಳೆ. ಹಂಗಿಸಲಿ. ಆದರೆ ದೊಡ್ಡಪ್ಪನ ಡ್ರಿಲ್ ಮೆಷಿನ್ನಿನ ವಿಷಯದಲ್ಲಿ ನನ್ನ ನಂಬಿಕೆಗೆ ಸ್ವಲ್ಪ ಪೆಟ್ಟು ಬಿದ್ದದ್ದು ನಿಜ.

ಮುಂಗಾರು ಹಿಡಿಯುವುದರೊಳಗೆ ಮೆಣಸಿನ ಬಳ್ಳಿಗೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಯಬೇಕಿತ್ತು. ಮೈಲುತುತ್ತದ ನೀರನ್ನೂ ಸುಣ್ಣದ ನೀರನ್ನೂ ಡ್ರಮ್ಮಿನಲ್ಲಿ ಕೂಡಿಸಿ ಕೋಲಿನಲ್ಲಿ ಕಲಕುತ್ತಲೇ ಇರಬೇಕು. ಕಲಕುವ ಆಳು ಆ ದಿನ ಬರಲಿಲ್ಲ. ಡ್ರಿಲ್ಲಿನ ಬಾಯಿಗೆ ಒಂದು ಬಾಗಿಸಿದ ಕಂಬಿ ಸಿಕ್ಕಿಸಿದರೆ ಅದೇ ಕಲಕುತ್ತದಲ್ಲ ಎಂದು ನನಗೆ ಹೊಳೆಯಿತು. ಡ್ರಿಲ್ ಇದ್ದದ್ದು ಆಚೆ ದಿಣ್ಣೆಯ ದೊಡ್ಡಪ್ಪನ ಮನೆಯಲ್ಲಿ. ಅವರು ಕೇಳಿದ್ದನ್ನು ಕೊಡುತ್ತಾರೆ. ಆದರೆ ಕೊಟ್ಟದ್ದು ಕೊಟ್ಟ ಹಾಗೇ ವಾಪಸ್ಸು ಬರದಿದ್ದರೆ ಮತ್ತೆ ಏನನ್ನೂ ಕೊಡುವುದಿಲ್ಲ. ನಮ್ಮ ಕಾಫಿ ಪ್ರತಿ ವರ್ಷ ಒಣಗುವುದು ಅವರ ಕಣದಲ್ಲಿ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. “ಭಾನುವಾರ ತಂದ್ಕೊಡು. ಸ್ಟೋರ್ ಬಾಗ್ಲಿಗೆ ಚಿಲಕ ಹಾಕ್ಬೇಕು” ಎಂದರು. ಏತಕ್ಕೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಡ್ರಿಲ್ ಚೆನ್ನಾಗಿಯೇ ಕಲಕಿತು. ಡ್ರಮ್ಮಿನಲ್ಲಿದ್ದದ್ದರಲ್ಲಿ ಸ್ವಲ್ಪ ನನ್ನ ಅಂಗಿಗೆ, ಸ್ವಲ್ಪ ಅವ್ವನ ತುಳಸಿಕಟ್ಟೆಗೆ, ಉಳಿದದ್ದರಲ್ಲಿ ಒಂದು ಪಾಲು ಡ್ರಿಲ್ಲಿನ ಹೊಟ್ಟೆಗೆ ಹೋಯಿತು. ಬೆರಳಲ್ಲಿ ಒತ್ತುವ ಸ್ವಿಚ್ಚು ಒಳಗೇ ಕಚ್ಚಿಕೊಂಡಿತು. ಬೆರಳು ತೆಗೆದರೂ ಮೆಷಿನ್ನು ನಿಲ್ಲಲೊಲ್ಲದು. ಗಾಬರಿಯಲ್ಲಿ ವೈರು ಹಿಡಿದು ಎಳೆದೆ. ಡ್ರಿಲ್ ನಿಂತಿತು, ಆದರೆ ವೈರು ಹಿಡಿಯ ಬುಡದಲ್ಲೇ ಕಿತ್ತು ನನ್ನ ಕೈಗೆ ಬಂತು.

ಹೊಸ ಸ್ವಿಚ್ಚಿಗೆ ಬಾಳ್ಳುಪೇಟೆಗೆ ಓಡಿದೆ. ಅಂಗಡಿಯವರು ನನ್ನ ನೀಲಿ ಹಿಡಿದ ಉಗುರು ನೋಡಿ, “ಬೋರ್ಡೋ ಕಲಕುದ್ರಾ? ಮೆಣಸಿಗೂ ಒಸಿ ಉಳಿಸುದ್ರೋ, ಇಲ್ಲ ಎಲ್ಲಾ ಡ್ರಿಲ್ಲಿಗೇ ಹೊಡೆದ್‌ಬುಟ್ರೋ?” ಎಂದರು. ನಾನು ಚಿಲ್ಲರೆ ಎಣಿಸುವವನಂತೆ ತಲೆ ತಗ್ಗಿಸಿದೆ. ಮನೆಗೆ ಬಂದು ಸ್ಕ್ರೂಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿ, ಹಳೆ ಸ್ವಿಚ್ಚಿನ ಯಾವ ಕಿವಿಗೆ ಯಾವ ಬಣ್ಣದ ವೈರಿದೆ ಎಂದು ಬರೆದುಕೊಂಡೇ ಬಿಚ್ಚಿದೆ. ಜೋಡಿಸುವಾಗ ಓದಿಕೊಂಡರೆ ಹೀಗಿತ್ತು: ಎಡಕ್ಕೆ ನೀಲಿ, ಬಲಕ್ಕೆ ನೀಲಿ, ಮೇಲೆ ನೀಲಿ, ಕೆಳಗೆ ನೀಲಿ. ಬೋರ್ಡೋ ಕುಡಿದ ಡ್ರಿಲ್ಲಿನೊಳಗೆ ಬೇರೆ ಬಣ್ಣವೇ ಉಳಿದಿರಲಿಲ್ಲ. ಅಂತೂ ಅಂದಾಜಿನ ಮೇಲೆ ಜೋಡಿಸಿ, ಕಿತ್ತ ವೈರಿನ ತುದಿ ಕತ್ತರಿಸಿ ಒಳಗೆ ಬಿಗಿದೆ. ಡ್ರಿಲ್ ತಿರುಗಿತು, ಬಿಟ್ಟಾಗ ನಿಂತಿತು. ಇನ್ನೇನು ಬೇಕು!

ಭಾನುವಾರ ದೊಡ್ಡಪ್ಪ ಪ್ಲಗ್ಗು ಸಿಕ್ಕಿಸಿದರು. “ವೈರು ಗಿಡ್ಡ ಆಗೈತಲ್ಲ ಮಾರಾಯ?”

“ನಿಮ್ಮ ಪ್ಲಗ್ಗು ಎತ್ತರದಲ್ಲಿದೆ ದೊಡ್ಡಪ್ಪ.”

ಬಾಗಿಲು ಅವರದೇ ತೋಟದ ಹೊನ್ನೆ ಮರದ್ದು. ಅದರ ಮೇಲೆ ಕೊರೆಯುವ ಬಿಟ್ ಇಟ್ಟು ಒತ್ತಿದರು. ಡ್ರಿಲ್ ಕೂಗಿತು, ಹೊಗೆ ಬಂತು, ತೂತು ಮಾತ್ರ ಬೀಳಲಿಲ್ಲ. ಎಲ್ಲ ಮುಗಿಯಿತು ಎಂದು ನಾನು ಅಂದುಕೊಂಡರೆ, ದೊಡ್ಡಪ್ಪನ ಮುಖ ಅರಳಿತು. “ಲೇ, ಇವಳೇ, ಬಾ ಇಲ್ಲಿ! ನಮ್ ಹೊನ್ನೆ ನೋಡು! ಡ್ರಿಲ್ಲೇ ಹೊಗೆ ಬುಡ್ತೈತೆ!” ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಬಂದು ನೋಡಿದರು. ನಾನು ಡ್ರಿಲ್ಲಿನ ಬಿಟ್ ನೋಡಿದೆ. ಅದು ಉಲ್ಟಾ ತಿರುಗುತ್ತಿತ್ತು. ಯಾವುದೋ ಎರಡು ನೀಲಿಗಳು ಅದಲುಬದಲಾಗಿದ್ದವು. ಬಾಯಿ ಬಿಟ್ಟರೆ ಕಣ ಹೋಗುತ್ತದೆ, ಅದರ ಜೊತೆಗೆ ಹೊನ್ನೆಯ ಮಾನವೂ ಹೋಗುತ್ತದೆ. ಸುಮ್ಮನಿದ್ದರೆ ಮೋಟಾರೇ ಸುಡುತ್ತದೆ.

“ಇಂಥ ಗಟ್ಟಿ ಮರಕ್ಕೆ ರಿವರ್ಸ್ ಹಾಕಬೇಕಂತೆ ದೊಡ್ಡಪ್ಪ” ಎಂದುಬಿಟ್ಟೆ.

ರಿವರ್ಸಿನ ಗುಂಡಿ ಆಚೆ ತಳ್ಳಿ ಒತ್ತಿದರು. ಬಾಳೆದಿಂಡಿಗೆ ಇಳಿದ ಹಾಗೆ ಇಳಿಯಿತು. “ಓದಿದೋನು ಓದಿದೋನೇ ಕಣ್ರೀ” ಎಂದರು ದೊಡ್ಡಮ್ಮ. ದೊಡ್ಡಪ್ಪ ನನ್ನ ಉಗುರುಗಳನ್ನೊಮ್ಮೆ ನೋಡಿ ಚಿಲಕ ಎತ್ತಿಕೊಂಡರು.

ಮೊನ್ನೆ ಮಾರನಹಳ್ಳಿಯ ಬಡಗಿಯೊಬ್ಬ ಡ್ರಿಲ್ ಹಿಡಿದು ನಮ್ಮ ಜಗಲಿಗೆ ಬಂದ. “ನಿಮ್ ದೊಡ್ಡಮ್ಮ ಹೇಳುದ್ರು ಅಂತ ರಿವರ್ಸ್ ಹಾಕಿ ಹೊನ್ನೆ ಕೊರೆಯಕ್ಕೋಗಿ ಎರಡು ಬಿಟ್ ಸುಟ್ಟೆ ಕಣಣ್ಣ. ನಿಮ್ ದೊಡ್ಡಪ್ಪನ್ನ ಕೇಳುದ್ರೆ, ‘ನಮ್ದು ನಮ್ಮುಡುಗನ ಕೈಗೆ ಹೋಗಿ ಬಂದ ಡ್ರಿಲ್ಲು, ಅವನತ್ರಾನೇ ಹೋಗು’ ಅಂತ ನಗ್ತಾರೆ. ಅದಕ್ಕೇನ್ ಮಾಡಿದ್ಯೋ ಅದನ್ನೇ ಇದಕ್ಕೂ ಮಾಡ್ಕೊಡು.” ಬೇಡವೆಂದರೂ ಕೇಳದೆ ಇಟ್ಟು ಹೋದ.

ಒಳ್ಳೆಯ ಡ್ರಿಲ್ಲು. ಬಿಚ್ಚಿ ನೋಡಿದೆ, ಕೆಂಪು ಕೆಂಪಾಗಿಯೇ, ಕಪ್ಪು ಕಪ್ಪಾಗಿಯೇ ಇದೆ. ಈ ಸಲ ಪ್ರತಿಯೊಂದು ವೈರನ್ನೂ ಸರಿಯಾಗಿ ಬರೆದುಕೊಂಡಿದ್ದೇನೆ. ಇನ್ನು ತಪ್ಪಾಗಿ ಜೋಡಿಸುವುದೊಂದೇ ಬಾಕಿ.