ಭೀಮನ ಕಟಕಟೆ

ಬೆಳಕು ಹರಿಯುವ ಮೊದಲೇ ಕುಮುದಾ ಭೀಮನ ಹೊಟ್ಟೆಯನ್ನು ಮೆತ್ತಗೆ ಒತ್ತಿ ಮೂತ್ರ ಮಾಡಿಸಬೇಕು, ಒದ್ದೆ ಹಾಸಿಗೆ ಬದಲಿಸಬೇಕು, ಹಿಂಗಾಲುಗಳನ್ನು ಸೈಕಲ್ ತುಳಿಸಿದಂತೆ ಇಪ್ಪತ್ತು ಸಲ ತಿರುಗಿಸಬೇಕು, ಮಾತ್ರೆಯನ್ನು ಇಡ್ಲಿಯೊಳಗೆ ಹುದುಗಿಸಬೇಕು, ಅವನು ಇಡ್ಲಿ ತಿಂದು ಉಗಿದ ಮಾತ್ರೆಯನ್ನು ಸೋಫಾದ ಅಡಿಯಿಂದ ಹೆಕ್ಕಿ ಇನ್ನೊಂದು ಇಡ್ಲಿಗೆ ತುರುಕಬೇಕು. ಕೊನೆಗೆ ಅಮ್ಮನ ನೂಲಿನ ಸೀರೆಯ ಪಟ್ಟಿಯಿಂದ ಅವನ ಹಿಂಭಾಗವನ್ನು ಎತ್ತಿ ಹಿಡಿದು ಹಿತ್ತಲಲ್ಲಿ ನಡೆಸಬೇಕು. (ಭೀಮ ಅರೆಗೇಣು ಕಾಲಿನ ಡ್ಯಾಕ್ಸ್‌ಹುಂಡ್ ನಾಯಿ. ಹೆಸರಿಟ್ಟದ್ದು ಗಂಡ ಮೋಹನರಾಜ.)

ದಾವಣಗೆರೆಯಲ್ಲಿ ಅಮ್ಮ ಸೊಂಟ ಮುರಿದು ಮಲಗಿದಾಗ ವೀಸಾ ತೊಡಕಿನಿಂದ ಕುಮುದಾಳಿಗೆ ಅಮೆರಿಕದ ಯೂಲೆಸ್ ಊರು ಬಿಟ್ಟು ಹೋಗಲಾಗಲಿಲ್ಲ. ಅಮ್ಮನನ್ನು ಎತ್ತಿ ಕೂರಿಸಿದ್ದು ಯಾರೋ ನರ್ಸು. ಅಮ್ಮ ಹೋದಮೇಲೆ ಇವಳಿಗೆ ಬಂದದ್ದು ಈ ಸೀರೆ.

ಭೀಮನ ಬೆನ್ನುಹುರಿಯ ಆಪರೇಷನ್ ಆಗಿ ಏಳು ವಾರವಾಗಿತ್ತು. ಎಂಟನೆಯದರಲ್ಲೂ ಏಳದಿದ್ದರೆ ಜೀವನಪೂರ್ತಿ ಚಕ್ರದ ಗಾಡಿಯೇ ಎಂದಿದ್ದರು ಡಾಕ್ಟರು. ಮೋಹನರಾಜನ ಶುಶ್ರೂಷೆಯೆಂದರೆ ಇಷ್ಟೇ: ಕನ್ನಡ ಸಂಘದ ಗ್ರೂಪಿಗೆ ದಿನಾ ಆರೋಗ್ಯವಾರ್ತೆ ಕಳಿಸುವುದು, ನಡುಮನೆಯಲ್ಲಿ ಭೀಮನಿಗಾಗಿ ಹಾಕಿದ್ದ ಅಗಲದ ಕಂಬಿ ಕಟಕಟೆಗೆ ದಪ್ಪಕ್ಷರದ ಫಲಕ ಬರೆದು ತೂಗುಹಾಕಿದ್ದು: ‘ಕಡ್ಡಾಯ ವಿಶ್ರಾಂತಿ. ಎಬ್ಬಿಸಬೇಡಿ. ಕರೆಯಬೇಡಿ.’ ಮಾತ್ರೆಗಳ ವೇಳಾಪಟ್ಟಿಯನ್ನೂ ಫ್ರಿಜ್ಜಿಗೆ ಅಂಟಿಸಿದ್ದ. ಕುಮುದಾಳ ಸೊಂಟಕ್ಕೆ ಮೂರು ವಾರ ವಿಶ್ರಾಂತಿ ಬರೆದಿದ್ದ ಅವಳ ಡಾಕ್ಟರ ಚೀಟಿ ಅದರ ಅಡಿಯಲ್ಲಿ ಮುಚ್ಚಿಹೋಗಿತ್ತು.

ವಾರ್ತೆ ಓದಿದವರು ಸುಮ್ಮನಿರುತ್ತಾರೆಯೇ? ರೋಗಿಯನ್ನು ನೋಡಲು ಸೇಬು ಹಿಡಿದು ಬಂದರು. ನೋಡಿದವರಿಗೆಲ್ಲ ಉಪ್ಪಿಟ್ಟು, ಕಾಫಿ.

ಶನಿವಾರ ಸಂಘದ ಲೀಲಾವತಿ ಆಂಟಿ ಬಂದಿದ್ದಾಗ, ಅಡುಗೆಮನೆಯ ಬಾಗಿಲಲ್ಲಿ ಕುಮುದಾಳ ಕೈಯಿಂದ ಸೀರೆಪಟ್ಟಿ ಜಾರಿತು. ಭೀಮ ಬೀಳಲಿಲ್ಲ. ಹಿಂಗಾಲು ನಡುಗಿಸುತ್ತ ನಿಂತ. ಅವಳು ಮಂಡಿಯೂರಿ ಎರಡೂ ಕೈ ಚಾಚಿದಳು. ಅವನು ಆ ಕೈಗಳ ಪಕ್ಕದಿಂದಲೇ ತೂರಾಡುತ್ತ ಏಳು ಹೆಜ್ಜೆ ಹಾಕಿ, ಉಪ್ಪಿಟ್ಟಿನ ತಟ್ಟೆ ಹಿಡಿದಿದ್ದ ಮೋಹನರಾಜನನ್ನು ತಲುಪಿದ.

“ನಿಮ್ಮ ಕೈಗುಣ ಕಣ್ರೀ ಮೋಹನ್,” ಎಂದು ಆಂಟಿ ಕಣ್ಣೊರೆಸಿಕೊಂಡರು.

ಕುಮುದಾಳೂ ಅಳುತ್ತಿದ್ದಳು, ಸಂತೋಷಕ್ಕೇ. ಪಟ್ಟಿ ಎತ್ತಿಕೊಂಡು ಏಳಹೋದಳು. ಸೊಂಟ ಹಿಡಿದುಕೊಂಡಿತು. ಗೋಡೆ ಹಿಡಿದೇ ಎದ್ದಳು. ಯಾರೂ ನೋಡಲಿಲ್ಲ. ಇಬ್ಬರೂ ಆಂಟಿ ಫೋನಿನಲ್ಲಿ ಹಿಡಿದಿದ್ದ ಭೀಮನ ವಿಡಿಯೋ ನೋಡುತ್ತಿದ್ದರು.

ಆಂಟಿಯನ್ನು ಕಾರಿನವರೆಗೆ ಬಿಟ್ಟುಬಂದ ಮೋಹನರಾಜ ಹೇಳಿದ, “ಸಂಜೆ ಇನ್ನೂ ಎರಡು ಫ್ಯಾಮಿಲಿ ಬರ್ತಾರಂತೆ, ಭೀಮ ನಡೆಯೋದು ನೋಡೋಕೆ. ಕೇಸರಿಬಾತ್ ಮಾಡ್ಬಿಡು. ಇನ್ನೇನು, ನೀನೂ ಫ್ರೀ ಆದೆಯಲ್ಲ.”

ಕುಮುದಾ ಸ್ಟೌ ಆರಿಸಿದಳು. ಗೋಡೆ ಹಿಡಿದು ಕಟಕಟೆಯ ಹತ್ತಿರ ಬಂದು, ಬಗ್ಗಿ ಒಳಗೆ ತೆವಳಿ, ಭೀಮನ ಹಾಸಿಗೆಯ ಮೇಲೆ ಮಗ್ಗುಲಾಗಿ ಮಲಗಿದಳು. ಅಮ್ಮನ ಸೀರೆಪಟ್ಟಿಯನ್ನು ಮಡಿಸಿ ತಲೆಯಡಿ ಇಟ್ಟುಕೊಂಡಳು. ಆಮೇಲೆ ಫಲಕ ಗಂಡನಿಗೆ ಸರಿಯಾಗಿ ಕಾಣುವಂತೆ ತಿರುಗಿಸಿ, ಒಳಗಿನಿಂದ ಚಿಲಕ ಹಾಕಿಕೊಂಡಳು.